ನೂರಾ ಎರಡು ಕಿಲೋ

ಆ ಸೋಮವಾರವೂ ಪಾರ್ಸಲ್ ಕಚೇರಿಯ ತೂಕದ ಯಂತ್ರದ ಮುಳ್ಳು ನೂರಾ ಎರಡರ ಮೇಲೇ ಬಂದು ಕೂತಿತು, ಕರೆಯದೆ ಬಂದ ನೆಂಟ ಊಟದ ಹೊತ್ತಿಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಕೂತ ಹಾಗೆ.

"ಅಲ್ಲಾಡಬೇಡಿ ಪೀಪಾಯಣ್ಣ, ಒಂದು ನಿಮಿಷ," ಎಂದು ಯಂತ್ರದ ಹಿಂದೆ ಬಗ್ಗಿ ಏನನ್ನೋ ಸರಿಪಡಿಸುತ್ತಿದ್ದ ತೂಕದ ಮೇಸ್ತ್ರಿ ಎದ್ದು ನಿಂತು ಸಾರಿದ: "ನೂರಾ ಎರಡು! ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ. ಚಿನ್ನದಂಥ ಮನುಷ್ಯ ನೀವು!"

ಪೀಪಾಯಣ್ಣ ಹಲಗೆಯಿಂದ ಇಳಿದ. ಅವನು ಆ ಪಾರ್ಸಲ್ ಕಚೇರಿಯ ಗುಮಾಸ್ತ. ಗಾತ್ರ ನೋಡಿ ಯಾರೋ ಇಟ್ಟ ಅಡ್ಡಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಹಾಜರಿ ಕರೆಯುವಾಗ ನಿಜವಾದ ಹೆಸರು ಕೂಗಿದರೆ ಅವನೇ ಯಾರಪ್ಪಾ ಅದು ಎಂದು ತಿರುಗಿ ನೋಡುತ್ತಿದ್ದ. ಎಂಟು ತಿಂಗಳ ಹಿಂದೆ ಕಾಲಿನ ಮಂಡಿಗಳು ಮುಷ್ಕರ ಹೂಡಿದಾಗ ಡಾಕ್ಟರ ಬಳಿ ಹೋಗಿದ್ದ. "ಮಾತ್ರೆ ಬರೆಯಲ್ಲ," ಎಂದಿದ್ದರು ಡಾಕ್ಟರು. "ತಟ್ಟೆ ಚಿಕ್ಕದು ಮಾಡಿ. ಕಾಲಿಗೆ ಕೆಲಸ ಕೊಡಿ. ಅವಸರ ಮಾಡಬೇಡಿ."

ಅಂದಿನಿಂದ ಅವನು ಸಕ್ಕರೆಯನ್ನು ಸಾಲಗಾರನಂತೆ ದೂರವಿಟ್ಟ. ಅನ್ನ ಅರ್ಧಕ್ಕಿಳಿಯಿತು, ತರಕಾರಿ ಎರಡರಷ್ಟಾಯಿತು. ಬೆಳಗಿನ ಚಳಿಯಲ್ಲಿ, ಬೀದಿನಾಯಿಗಳೂ ಮುದುರಿ ಮಲಗಿರುವಾಗ, ಅವನು ಕೆರೆಯ ಸುತ್ತ ನಡೆದ. ಮೊದಮೊದಲು ಬಾತುಕೋಳಿಯಂತೆ ನಡೆದವನು ಈಗ ಹೊರಟ ಬಸ್ಸು ಹಿಡಿಯುವವನಂತೆ ನಡೆಯುತ್ತಿದ್ದ. ಆದರೇನು? ಸೋಮವಾರ ಬೆಳಿಗ್ಗೆ ಮೇಸ್ತ್ರಿ ಅಕ್ಕರೆಯಿಂದ ಕರೆದು ಹಲಗೆಯ ಮೇಲೆ ನಿಲ್ಲಿಸಿದರೆ ಅದೇ ನೂರಾ ಎರಡು.

"ಇಳಿದಿದ್ದೀರಿ ರೀ," ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಪಾಪ, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡ. ಸಡಿಲವಾದ ಬೆಲ್ಟಿಗೆ ಮೂಟೆ ಹೊಲಿಯುವ ದಬ್ಬಣದಿಂದ ಹೊಸ ತೂತು ಕೊರೆಯುವಾಗಲೂ, ಈಗಿನ ಚರ್ಮವೇ ಹೀಗೆ, ಹಿಗ್ಗುತ್ತದೆ ಎಂದುಕೊಂಡ. ಹೆಂಡತಿಯ ಮಾತನ್ನು ನಂಬದಿದ್ದರೂ ಸರ್ಕಾರಿ ಯಂತ್ರವನ್ನು ನಂಬುವ ಜಾತಿಯ ಮನುಷ್ಯ ಅವನು.

ಕಚೇರಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು.

"ಮತ್ತೆ ನೂರಾ ಎರಡಂತೆ?" ಎಂದ, ಪಾರ್ಸಲುಗಳಿಗೆ ಮುದ್ರೆ ಒತ್ತುವ ಹಿರಿಯ. ನಿವೃತ್ತಿಯ ಅಂಚಿನಲ್ಲಿದ್ದ ಅವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. "ನಿಂದು ಮೂಳೆ ಭಾರ ಕಣಯ್ಯ. ನಡೆದರೆ ಮೂಳೆ ಕರಗುತ್ತಾ?"

ರಸೀದಿ ಬರೆಯುವ ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. "ನಡೆಯೋದು ಗಿಡೆಯೋದು ಬಿಡು. ನನ್ನ ನಾದಿನಿ ಬರೀ ನೀರು ಕುಡಿದು ಒಂದೇ ವಾರದಲ್ಲಿ ಐದು ಕಿಲೋ ಇಳಿದಳು."

"ಈಗ ಹೇಗಿದ್ದಾರೆ ಅಕ್ಕ?" ಎಂದ ಪೀಪಾಯಣ್ಣ.

"ಆಸ್ಪತ್ರೆಯಿಂದ ಬಂದ ಮೇಲೆ ಎಂಟು ಏರಿದ್ದಾಳೆ."

ಮಧ್ಯಾಹ್ನ ಪೀಪಾಯಣ್ಣ ಊಟದ ಡಬ್ಬಿ ತೆರೆದ. ಬೇಯಿಸಿದ ಕಾಳು, ಸೌತೆಕಾಯಿ, ಒಂದು ಹಿಡಿ ಅನ್ನ. ಮಾವ ಅದನ್ನು ಇಣುಕಿ ನೋಡಿ, ಸಾವಿನ ಮನೆಗೆ ಬಂದವನಂತೆ ಲೊಚಗುಟ್ಟಿದ. ಎದ್ದು ಹೋದವನು ಎದುರಿನ ಬೇಕರಿಯಿಂದ ಕೆನೆ ಹಚ್ಚಿದ ಕೇಕು ತಂದು ಅವನ ಮುಂದಿಟ್ಟ. "ತಿನ್ನು. ಎಂಟು ತಿಂಗಳು ಒದ್ದಾಡಿದೆ, ಏನು ಬಂತು? ಹಣೆಬರಹವನ್ನ ತಕ್ಕಡೀಲಿ ಹಾಕಿದರೆ ನೂರಾ ಎರಡೇ ತೋರ್ಸೋದು."

ಪೀಪಾಯಣ್ಣನ ಕೈ ಕೇಕಿನತ್ತ ಹೋಯಿತು. ಬಾಯಿಯ ಹತ್ತಿರಕ್ಕೂ ಬಂತು. ಕೆನೆಯ ವಾಸನೆ ಮೂಗಿಗೆ ಹಳೆಯ ಗೆಳೆಯನಂತೆ ಕೈಬೀಸಿತು. ಇಡೀ ಕಚೇರಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವನು ಕೇಕನ್ನು ಮೆಲ್ಲಗೆ ಕಾಗದದ ಮೇಲಿಟ್ಟ.

"ಬೇಡ ಮಾವ. ಮುಳ್ಳು ಇಳೀದಿದ್ರೆ ಇಳೀದೇ ಇರ್ಲಿ. ಮಂಡಿ ನೋವು ಇಳಿದಿದೆ. ಮೊದಲು ಮೆಟ್ಟಿಲು ಹತ್ತಿ ಬಂದ್ರೆ ಅಕ್ಕ ನೀರು ತಂದು ಕೊಡಬೇಕಿತ್ತು. ಈಗ ಮೂಟೆ ಹೊತ್ಕೊಂಡು ಹತ್ತುತ್ತೀನಿ. ರಾತ್ರಿ ಕಣ್ಣು ಮುಚ್ಚಿದ್ರೆ ಬೆಳಿಗ್ಗೇನೇ ತೆರೆಯೋದು. ನನಗೆ ಅಷ್ಟು ಸಾಕು."

ಕೂಲಿ ಸಿಕ್ಕದೆ ಎಂಟು ತಿಂಗಳು ದುಡಿದವನು ನಾಳೆಯೂ ಬರುತ್ತೇನೆ ಎಂದಂತಿತ್ತು ಅದು. ಅಕ್ಕ ತನ್ನ ಮೇಜಿನ ಬಿಸ್ಕತ್ತಿನ ಪೊಟ್ಟಣವನ್ನು ಸದ್ದಿಲ್ಲದೆ ಖಾನೆಯೊಳಗೆ ಸರಿಸಿದಳು. ಮಾವನಿಗೂ ಗಂಟಲು ಕಟ್ಟಿತು. ಗಂಟಲು ಸಡಿಲವಾಗಲೆಂದು ಕೇಕನ್ನು ತಾನೇ ತಿಂದ.

ಗಲಾಟೆ ಶುರುವಾದದ್ದು ಆಮೇಲೆ. ಬೋಲ್ಟು ನಟ್ಟಿನ ವ್ಯಾಪಾರಿಯೊಬ್ಬ ಕಾರ್ಖಾನೆಯಿಂದ ಸೀಲಾಗಿ ಬಂದ ಡಬ್ಬವನ್ನು ಹಾಗೇ ತಂದು ಹಲಗೆಯ ಮೇಲಿಟ್ಟ. ಡಬ್ಬದ ಮೇಲೆ ಇಪ್ಪತ್ತು ಕಿಲೋ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮುಳ್ಳು ಇಪ್ಪತ್ತಾರು ತೋರಿಸಿತು.

"ಇದೇನ್ರೀ, ದಾರೀಲಿ ಬೋಲ್ಟು ಮರಿ ಹಾಕ್ತಾ?" ಎಂದು ವ್ಯಾಪಾರಿ ಕೂಗಿದ.

"ಇನ್ನೊಂದು ಸಲ ಇಟ್ಟು ನೋಡೋಣ ಇರಿ," ಎಂದು ಪೀಪಾಯಣ್ಣ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿದ. ಎತ್ತುವಾಗ ಹೊಟ್ಟೆ ಒಳಗೆ ಹೋಯಿತು, ತೂತು ಬಿದ್ದು ಬಿದ್ದು ಸೋತಿದ್ದ ಬೆಲ್ಟು ಹರಿದುಹೋಯಿತು. ಹೊಟ್ಟೆಯನ್ನೇ ನಂಬಿಕೊಂಡಿದ್ದ ಪ್ಯಾಂಟು ಆಸರೆ ತಪ್ಪಿ, ಪರದೆ ಬಿದ್ದಂತೆ ಪಾದದ ಮೇಲೆ ಬಿತ್ತು. ಒಳಗಿನ ಪಟ್ಟಾಪಟ್ಟಿ ಚಡ್ಡಿ ಸಾರ್ವಜನಿಕ ದರ್ಶನಕ್ಕೆ ಬಂತು. ಡಬ್ಬ ಕೈಬಿಟ್ಟರೆ ಕಾಲ್ಬೆರಳು ಜಜ್ಜುತ್ತದೆ, ಬಿಡದಿದ್ದರೆ ಮಾನ ಹೋಗುತ್ತದೆ. ಅವನು ಕಂಬದಂತೆ ನಿಂತ.

ಅಕ್ಕ ರಸೀದಿ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಮಾವ ಓಡಿಬಂದು ಪ್ಯಾಂಟನ್ನು ಮೇಲೆತ್ತಿ, ಪಾರ್ಸಲ್ ಹುರಿಯಿಂದ ಮೂರು ಸುತ್ತು ಬಿಗಿದು, ಅಭ್ಯಾಸಬಲದಿಂದ ಗಂಟಿನ ಮೇಲೆ ಮುದ್ರೆ ಒತ್ತಲು ಹೊರಟು ಸಾವರಿಸಿಕೊಂಡ. ಕ್ಯೂನಲ್ಲಿದ್ದವರ ನಗು ಒಳಕೋಣೆಗೂ ಕೇಳಿ ಸಾಹೇಬರು ಹೊರಗೆ ಬಂದರು.

"ಏನ್ರೀ ಇದು? ಮೇಸ್ತ್ರೀ, ಯಂತ್ರ ಸರಿಯಾಗಿದೆಯಾ?"

"ಪ್ರತಿ ಸೋಮವಾರ ಪರೀಕ್ಷೆ ಮಾಡ್ತೀನಿ ಸಾರ್. ಇವತ್ತು ಬೆಳಿಗ್ಗೇನೂ ಮಾಡಿದೆ."

"ತೂಕದ ಬಟ್ಟು ಯಾವುದು ಇಟ್ಟು ಮಾಡಿದೆ?"

ಮೇಸ್ತ್ರಿ ಹೆಮ್ಮೆಯಿಂದ ಪೀಪಾಯಣ್ಣನ ಕಡೆ ಕೈ ತೋರಿಸಿದ. "ಇವರನ್ನ! ಆ ಕಬ್ಬಿಣದ ಬಟ್ಟುಗಳನ್ನ ಉಗ್ರಾಣದಿಂದ ಹೊತ್ತು ತರೋದು ಯಾರು ಸಾರ್, ಸೊಂಟ ಬಿದ್ದು ಹೋಗುತ್ತೆ. ಪೀಪಾಯಣ್ಣ ಆದ್ರೆ ತಾವೇ ನಡ್ಕೊಂಡು ಬರ್ತಾರೆ. ನೂರಾ ಎರಡು ಅಂದ್ರೆ ನೂರಾ ಎರಡು. ಹನ್ನೊಂದು ವರ್ಷದಿಂದ ಇವರನ್ನ ನಿಲ್ಲಿಸಿಯೇ ಮುಳ್ಳು ಸರಿ ಮಾಡ್ತಿರೋದು."

"ಸರಿ ಮಾಡೋದು ಅಂದ್ರೆ?" ಪೀಪಾಯಣ್ಣನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಯಂತ್ರಕ್ಕೆ ವಯಸ್ಸಾಯ್ತಲ್ಲ ಅಣ್ಣ. ಈಚೆಗೆ ನೀವು ನಿಂತಾಗೆಲ್ಲ ಮುಳ್ಳು ಒಂಚೂರು ಕೆಳಗೇ ನಿಲ್ಲುತ್ತೆ. ಹಿಂದುಗಡೆ ತಿರುಪು ತಿರುಗಿಸಿ ನೂರಾ ಎರಡಕ್ಕೆ ತಂದುಬಿಡ್ತೀನಿ. ಎಂಟು ತಿಂಗಳಿಂದ ವಾರಾವಾರವೂ ಇದೇ ಕಾಟ!"

ಸಾಹೇಬರು ಇಬ್ಬರನ್ನು ಉಗ್ರಾಣಕ್ಕೆ ಕಳಿಸಿದರು. ಅವರು ಏದುಸಿರು ಬಿಡುತ್ತಾ ಬಟ್ಟುಗಳನ್ನು ತಂದರು, ಮೇಸ್ತ್ರಿ ತಿರುಪು ಸಡಿಲಿಸಿದ. ಬೋಲ್ಟಿನ ಡಬ್ಬ ಇಪ್ಪತ್ತು ತೋರಿಸಿತು. ಆಮೇಲೆ ಪೀಪಾಯಣ್ಣ ಸೊಂಟಕ್ಕೆ ಹುರಿ ಕಟ್ಟಿಕೊಂಡೇ ಹಲಗೆ ಹತ್ತಿದ.

ಎಪ್ಪತ್ತೆಂಟು.

"ಅಯ್ಯೋ ನನ್ನಪ್ಪಾ!" ಎಂದಳು ಅಕ್ಕ. ಅವನ ಎಂಟು ತಿಂಗಳ ನಡಿಗೆಯ ಕತೆಯನ್ನು ಅವಳು ಹೇಳಿದ್ದೇ ಕ್ಯೂ ಚಪ್ಪಾಳೆ ತಟ್ಟಿತು. ಜಗಳಕ್ಕೆ ಬಂದಿದ್ದ ವ್ಯಾಪಾರಿಯೇ ಮುಂದೆ ಬಂದು ಕೈಕುಲುಕಿ, "ಇಳಿದದ್ದು ಕಾಣಿಸಿದ್ರೆ ಯಾರು ಬೇಕಾದ್ರೂ ನಡೀತಾರೆ ಸ್ವಾಮಿ. ಕಾಣಿಸದೇ ನಡೆದ್ರಲ್ಲ, ಅದು ಗಂಡಸುತನ!" ಎಂದ. ಸಾಹೇಬರು ಎಲ್ಲರೆದುರಿಗೆ ಅವನನ್ನು ಅಪ್ಪಿಕೊಂಡರು. ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಯಾರದೋ ಎರಡು ಕೈಗಳು ಅವನ ಬೆನ್ನ ಹಿಂದೆ ಒಂದಕ್ಕೊಂದು ಸಿಕ್ಕಿದವು. ಪೀಪಾಯಣ್ಣ ಕಣ್ಣೊರೆಸಿಕೊಂಡ. ಮನೆಗೆ ಹೋಗಿ ಮೊದಲು ಹೆಂಡತಿಯ ಹತ್ತಿರ ತಪ್ಪಾಯಿತು ಅನ್ನಬೇಕು ಎಂದುಕೊಂಡ.

ಸಂಜೆ ಹೊರಡುವ ಹೊತ್ತಿಗೆ ಸಾಹೇಬರು ಒಳಗೆ ಕರೆದರು. ಸನ್ಮಾನದ ಮಾತಿರಬೇಕೆಂದು ಅವನು ತಲೆ ಬಾಚಿಕೊಂಡು ಹೋದ. ಅವರು ಒಂದು ಕಾಗದವನ್ನು ಮುಂದೆ ಸರಿಸಿದರು.

"ಮೇಲಿನವರಿಗೆ ಫೋನ್ ಮಾಡಿ ಹೇಳಿದೆ. ಎಂಟು ತಿಂಗಳು ಜನರಿಂದ ಹೆಚ್ಚಿಗೆ ವಸೂಲಾಗಿದೆಯಲ್ಲ, ಯಾರಾದರೂ ಉತ್ತರ ಕೊಡಬೇಕಂತೆ. ಮೇಸ್ತ್ರಿ ತಾನು ಪದ್ಧತಿ ಬದಲಾಯಿಸಿಲ್ಲ, ಬದಲಾದದ್ದು ನೀವು ಅಂತಾನೆ. ಅದೂ ನಿಜವೇ."

ಪೀಪಾಯಣ್ಣ ಓದಿದ: 'ಕಚೇರಿಗೆ ಮುಂಚಿತವಾಗಿ ತಿಳಿಸದೆ, ಅನುಮತಿ ಪಡೆಯದೆ ಇಪ್ಪತ್ತನಾಲ್ಕು ಕಿಲೋ ತೂಕ ಇಳಿಸಿರುವುದಕ್ಕೆ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?'

"ಬೇಜಾರು ಮಾಡ್ಕೋಬೇಡಿ," ಎಂದರು ಸಾಹೇಬರು, ನಿಜವಾದ ಗೌರವದಿಂದ. "ಸಹಿ ಹಾಕೋ ಮೊದಲು ಎರಡು ಸಲ ಪೆನ್ನು ಕೆಳಗಿಟ್ಟೆ. ನಿಮ್ಮಂಥವರನ್ನ ನಾನು ನೋಡಿಲ್ಲ. ಒಂದೇ ಕೋರಿಕೆ. ಈ ಕೇಸಿಗೆ ಇರೋ ಒಂದೇ ಸಾಕ್ಷ್ಯ ಅಂದ್ರೆ ನಿಮ್ಮ ಶರೀರ. ವಿಚಾರಣೆ ಮುಗಿಯೋ ತನಕ ಎಪ್ಪತ್ತೆಂಟರಿಂದ ಅತ್ತಿತ್ತ ಅಲ್ಲಾಡಬೇಡಿ. ಕಮ್ಮಿಯಾದರೆ ಸಾಕ್ಷ್ಯನಾಶ ಅಂತಾರೆ."

"ಸಾರ್, ಡಾಕ್ಟರು ಇನ್ನೂ ಆರು ಕಿಲೋ ಇಳಿಸೋಕೆ ಹೇಳಿದ್ದಾರೆ. ವಿಚಾರಣೆ ಯಾವಾಗ ಮುಗಿಯುತ್ತೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಗೋಡೆ ಗಡಿಯಾರ ಕಳುವಾದದ್ದರ ವಿಚಾರಣೆ ಇನ್ನೂ ನಡೀತಾ ಇದೆ."

"ಕದ್ದವನು ಸಿಕ್ಕಿಲ್ಲವಾ ಸಾರ್?"

"ಸಿಕ್ಕಿದ್ದ. ನಿವೃತ್ತನಾಗಿ ಆರು ವರ್ಷ ಆಯ್ತು."