ನೂರಕ್ಕೆ ಮೂರು

ಕೆಲಸ ಬಿಡಬೇಕೆಂಬ ಆಸೆ ಮನುಷ್ಯನಿಗೆ ಕೆಲಸ ಸಿಕ್ಕ ದಿನವೇ ಹುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಭ್ಯರೆನಿಸಿಕೊಳ್ಳುತ್ತಾರೆ. ನಾನು ಲೆಕ್ಕ ಹಾಕಲು ಕುಳಿತೆ. ದಾವಣಗೆರೆಯ ಮಂಡಿಪೇಟೆಯ ಹತ್ತಿ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿ ಪರರ ಲೆಕ್ಕವನ್ನೆಲ್ಲ ಕಾಸು ತಪ್ಪದಂತೆ ಬರೆದವನಿಗೆ ಸ್ವಂತದ್ದೊಂದು ಲೆಕ್ಕ ಯಾವ ಮಹಾ ಎಂಬ ಧೈರ್ಯ. ಗಾದಿಯ ಮೇಲೆ ಕಾಲು ಮಡಿಚಿ ಕುಳಿತು ಕುಳಿತು ನನ್ನ ಮೊಣಕಾಲುಗಳು ನಾನು ಎದ್ದು ನಿಂತ ಸುದ್ದಿಯನ್ನೂ ಒಪ್ಪದ ಸ್ಥಿತಿಗೆ ಬಂದಿದ್ದವು. ನಲವತ್ತಮೂರನೆಯ ವಯಸ್ಸಿಗೆ ಇಷ್ಟು ದುಡಿಮೆ ಸಾಕು. ಇನ್ನು ಕೊಂಡಜ್ಜಿ ಕೆರೆಯ ಏರಿಯ ಮೇಲೆ ಕುಳಿತು ಏನನ್ನೂ ಮಾಡದಿರುವುದನ್ನು ಅಭ್ಯಾಸ ಮಾಡಬೇಕೆಂದು ನಿರ್ಧರಿಸಿದೆ. ಅಲ್ಲಿಯೂ ಕುಳಿತೇ ಇರುವುದಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಆಕೆಗೆ ತತ್ತ್ವ ತಿಳಿಯುವುದಿಲ್ಲ.

ಆದರೆ ಖರ್ಚು ತಿಳಿಯುತ್ತದೆ. ಮನೆ ನಡೆಯಲು ತಿಂಗಳಿಗೆ ಎಷ್ಟು ಬೇಕೆಂದು ಕೇಳಿದಾಗ ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

“ದಿನಾ ಮನ್ಯಾಗೇ ಇರ್ತೀರೇನು?”

“ಹೂಂ.”

“ಹಗಲೊತ್ತೂ?”

“ಹಗಲೊತ್ತು ಇನ್ನೆಲ್ಲಿಗೆ ಹೋಗ್ಲಿ?”

ಆಕೆಯ ಕೈ ಮೊರದಲ್ಲೇ ನಿಂತಿತು. “ಹಂಗಾದ್ರೆ ಬರ್ಕಳ್ರಿ. ಮಧ್ಯಾಹ್ನದ ಮಂಡಕ್ಕಿ, ಮೆಣಸಿನಕಾಯಿ. ಈಗ ಅದು ಸಾಹುಕಾರ್ರ ಖರ್ಚಿನಾಗೆ ಆಗ್ತೈತೆ. ಚಾ ಎರಡು ಸಲ ಜಾಸ್ತಿ. ಆಮೇಲೆ ನನಗೆ ತಲೆನೋವಿನ ಮಾತ್ರೆ.”

ಕೆ.ಬಿ. ಬಡಾವಣೆಯ ಮನೆಬಾಡಿಗೆಯಿಂದ ಈ ಮಾತ್ರೆಯವರೆಗೆ ಎಲ್ಲವನ್ನೂ ಕೂಡಿಸಿದಾಗ ತಿಂಗಳಿಗೆ ನೂರಿಪ್ಪತ್ತು ರೂಪಾಯಿ ಎಂದಾಯಿತು. ಇನ್ನು ಅಷ್ಟು ಬಡ್ಡಿ ಬರಲು ಅಸಲು ಎಷ್ಟಿರಬೇಕು ಎಂಬುದೇ ಪ್ರಶ್ನೆ. ಇಲ್ಲಿ ನಮ್ಮ ಪೇಟೆಯ ಒಂದು ಪದ್ಧತಿಯನ್ನು ಹೇಳಬೇಕು. ಮಂಡಿಪೇಟೆಯಲ್ಲಿ ಬಡ್ಡಿ ಒಂದು ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ತಿಂಗಳಿಗೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟ ಮಾಡಿದೆ ಎಂದವನು ಬಾಯಿಂದ ಮಾಡಿದೆ ಎಂದು ಬಿಡಿಸಿ ಹೇಳುತ್ತಾನೆಯೇ? ಹೀಗಿರುವಾಗ ನನ್ನ ಹೆಂಡತಿಯ ಅಣ್ಣ, ಹರಿಹರದಲ್ಲಿ ಪೋಸ್ಟಾಫೀಸಿನ ಗುಮಾಸ್ತರು, ಹಬ್ಬಕ್ಕೆ ಬಂದಾಗ, “ನಮ್ಮಲ್ಲಿ ಇಡ್ರಿ. ಭದ್ರ ಐತೆ. ಬಡ್ಡಿ ಮೂರು” ಎಂದರು.

ಮೂರು! ಪೇಟೆಯಲ್ಲಿ ಮುಳುಗುವ ಅಂಗಡಿಯವನೂ ಅಷ್ಟು ಕೊಡುವುದಿಲ್ಲ. ಆದರೆ ನೋಟು ಅಚ್ಚು ಹಾಕುವವರು ಅವರೇ ಆದ್ದರಿಂದ ಕೊಟ್ಟರೂ ಕೊಟ್ಟಾರು ಎಂದು ಸರ್ಕಾರದ ಬಗ್ಗೆ ಮೊದಲ ಬಾರಿಗೆ ನನ್ನಲ್ಲಿ ಗೌರವ ಹುಟ್ಟಿತು. ನಾಲ್ಕು ಸಾವಿರ ಇಟ್ಟರೆ ತಿಂಗಳಿಗೆ ಸರಿಯಾಗಿ ನೂರಿಪ್ಪತ್ತು. ನನ್ನ ಬಳಿ ಇದ್ದದ್ದು ಮೂರು ಸಾವಿರದ ಎಂಟುನೂರು. ಉಳಿದ ಇನ್ನೂರು ದೀಪಾವಳಿಗೆ ಸಾಹುಕಾರರು ಕೊಡುವ ಇನಾಮಿನಿಂದ ಭರ್ತಿಯಾಗುತ್ತಿತ್ತು. ಅವರನ್ನು ಬಿಟ್ಟು ಹೋಗುವ ಖರ್ಚಿಗೂ ಅವರೇ ಕೊಡಬೇಕಾಗಿ ಬಂದದ್ದಕ್ಕೆ ನನಗೆ ಸ್ವಲ್ಪ ಸಂಕೋಚವಾದದ್ದು ನಿಜ.

ಮರುದಿನವೇ ಹೇಳಿದೆ. “ದೀಪಾವಳಿಗೆ ಕೆಲಸ ಬಿಡ್ತೀನ್ರಿ.”

ಸಾಹುಕಾರರು ಮೂರು ಬೆರಳಿನ ವಿಭೂತಿಯ ಕೆಳಗೆ ಹುಬ್ಬು ಕೂಡಿಸಿ ನನ್ನನ್ನು ನೋಡಿದರು. ಬೇಡವೆನ್ನಲಿಲ್ಲ. ಅದು ನನಗೆ ಸ್ವಲ್ಪ ನೋವನ್ನೇ ತಂದಿತು. “ಹಂಗಾದ್ರೆ ರಾಣೆಬೆನ್ನೂರಾಗೆ ನಮ್ಮ ತಂಗಿ ಮಗ ಅದಾನಲ್ಲ, ಅವನಿಗೆ ಬಾ ಅಂತ ಕಾಗ್ದ ಬರೀರಿ” ಎಂದರು. ಅಂಗಡಿಯ ಕಾಗದಗಳನ್ನೆಲ್ಲ ಬರೆಯುವವನು ನಾನೇ. ನನ್ನ ಜಾಗಕ್ಕೆ ಬರುವವನನ್ನು ಕ್ಷೇಮ ಸಮಾಚಾರ ಸಹಿತ ನಾನೇ ಆಹ್ವಾನಿಸಿ, ಲಕೋಟೆ ಅಂಟಿಸಿ ಜೇಬಿನಲ್ಲಿಟ್ಟುಕೊಂಡೆ. ಆಮೇಲೆ ಅವರು, “ಅಲ್ರಿ, ಯಾವ ಗಂಟು ನೆಚ್ಚಿಕೊಂಡು ಬಿಡ್ತೀರಿ?” ಎಂದು ಕೇಳಿದರು. ಹೇಳಿದೆ.

“ಮೂರಾ?” ಎಂದವರು ಗಾದಿಯಿಂದ ಅರ್ಧ ಎದ್ದರು. “ನಂದೂ ಒಂದು ಹತ್ತು ಸಾವಿರ ಸುಮ್ನೆ ಬಿದ್ದೈತೆ. ನಡೀರಿ, ಹರಿಹರಕ್ಕೆ ಹೋಗಿ ಬರಾನ.”

ಹೀಗೆ ಮಾಲೀಕ ಗುಮಾಸ್ತರಿಬ್ಬರೂ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ, ಒಂದೇ ತಪ್ಪನ್ನು ಹೊತ್ತು ಹೊರಟೆವು. ದಾರಿಯುದ್ದಕ್ಕೂ ಸಾಹುಕಾರರು ನನ್ನನ್ನು ಹೊಸ ಗೌರವದಿಂದ ನೋಡುತ್ತಿದ್ದರು. ಕಿಟಕಿಯ ಪಕ್ಕದ ಜಾಗವನ್ನೂ ನನಗೇ ಬಿಟ್ಟಿದ್ದರು.

ಪೋಸ್ಟಾಫೀಸಿನಲ್ಲಿ ಭಾವ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ನನ್ನ ಲೆಕ್ಕವನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಮೂರು ಅಂದ್ರೆ ವರ್ಷಕ್ಕೆ ಮೂರು ಕಣ್ರಿ” ಎಂದರು.

“ವರ್ಷಕ್ಕಾ?” ಎಂದರು ಸಾಹುಕಾರರು. “ವರ್ಷಕ್ಕೆ ಬಡ್ಡಿ ಹೇಳೋದು ಯಾವ ಊರಿನ ಪದ್ಧತಿ?”

“ಹೊರಗಿನ ಎಲ್ಲ ಊರಿಂದೂ ಅದೇ. ನಿಮ್ಮ ಮಂಡಿಪೇಟೆ ಒಂದನ್ನ ಬಿಟ್ಟು.”

ನನ್ನ ನಾಲ್ಕು ಸಾವಿರಕ್ಕೆ ತಿಂಗಳಿಗೆ ಹತ್ತು ರೂಪಾಯಿ. ಮಾತ್ರೆ, ಚಾ, ಮಂಡಕ್ಕಿಗಳನ್ನು ತೆಗೆದುಹಾಕಿದರೂ ಅದರಲ್ಲಿ ಬಾಡಿಗೆಯೇ ತೀರುವುದಿಲ್ಲ. ಅಂದುಕೊಂಡಂತೆ ಬದುಕಬೇಕಾದರೆ ನಲವತ್ತೆಂಟು ಸಾವಿರ ಬೇಕು. ಜೇಬಿನಲ್ಲಿದ್ದ ಲಕೋಟೆ ಎದೆಗೆ ಚುಚ್ಚುತ್ತಿತ್ತು. ಹರಿಹರದಲ್ಲೇ ಡಬ್ಬಕ್ಕೆ ಹಾಕಬೇಕೆಂದುಕೊಂಡಿದ್ದೆ. ಡಬ್ಬವು ನನ್ನೆದುರಿಗೇ ಬಾಯಿ ತೆರೆದು ನಿಂತಿತ್ತು.

ಹಿಂದಿರುಗುವಾಗ ಕಿಟಕಿಯ ಪಕ್ಕ ಸಾಹುಕಾರರೇ ಕುಳಿತರು. ಅರ್ಧ ದಾರಿ ಕಳೆದ ಮೇಲೆ ಹೊರಗೆ ನೋಡುತ್ತಲೇ ಕೇಳಿದರು.

“ಆ ಕಾಗ್ದ ಹಾಕಿದ್ರೇನು?”

“ಇಲ್ರಿ.”

“ಕೊಡ್ರಿ ಇಲ್ಲಿ.” ಅದನ್ನು ನಾಲ್ಕಾಗಿ ಮಡಿಚಿ ಅಂಗಿಯ ಒಳಜೇಬಿಗೆ ಸೇರಿಸಿದರು. “ದೀಪಾವಳಿಗೆ ಬಿಡ್ತೀನಿ ಅಂದಿದ್ರಿ. ಯಾವ ವರ್ಷದ ದೀಪಾವಳಿ ಅಂತ ನೀವೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಈ ಮೂರರ ವಿಷಯ ಮಾತ್ರ ಪೇಟ್ಯಾಗೆ ಯಾರಿಗೂ ಹೇಳಬ್ಯಾಡ್ರಿ.”

ನಾನು ಹೇಳಲಿಲ್ಲ. ಅದಾಗಿ ಆರು ದೀಪಾವಳಿಗಳು ಆಗಿವೆ. ಪ್ರತಿ ಸಲ ಹೊಸ ಖಾತೆಪುಸ್ತಕದ ಪೂಜೆ ಮುಗಿದ ಮೇಲೆ ಸಾಹುಕಾರರು, “ಈ ವರ್ಷದ್ದೇನ್ರಿ?” ಎಂದು ಗಂಭೀರವಾಗಿ ಕೇಳುತ್ತಾರೆ. “ಅಲ್ರಿ” ಎಂದು ನಾನೂ ಅಷ್ಟೇ ಗಂಭೀರವಾಗಿ ಹೇಳಿ ಇನಾಮು ತೆಗೆದುಕೊಳ್ಳುತ್ತೇನೆ. ಆದರೂ ಆಸೆ ಹೋಗಿಲ್ಲ. ಮೊನ್ನೆ ಮತ್ತೆ ಕುಳಿತು ಲೆಕ್ಕ ಹಾಕಿದೆ. ಈಗ ಕೂಡಿಡುತ್ತಿರುವ ಪ್ರಕಾರವೇ ಕೂಡಿಡುತ್ತ ಹೋದರೆ ನನ್ನ ಮುನ್ನೂರನೆಯ ವಯಸ್ಸಿನ ಸುಮಾರಿಗೆ ನಲವತ್ತೆಂಟು ಸಾವಿರ ಭರ್ತಿಯಾಗುತ್ತದೆ. ಹೆಂಡತಿಗೆ ಇದನ್ನು ತಿಳಿಸಿದೆ.

ಆಕೆ ಅಕ್ಕಿಯಿಂದ ತಲೆಯೆತ್ತಲಿಲ್ಲ. “ಮುನ್ನೂರು ಅಂದ್ರೆ ತಿಂಗಳೋ ವರ್ಷವೋ, ಒಂದ್ಸಲ ನಮ್ಮಣ್ಣನ್ನ ಕೇಳ್ಕಂಡು ಬರ್ರಿ” ಎಂದಳು.