ಅತ್ತಿಗೆ ಸೀರೆ ಅಂಗಡಿಯಲ್ಲಿ ನಿಂತದ್ದು

ನಮ್ಮ ಅತ್ತಿಗೆ ಯಾರ ಮಾತನ್ನೂ ನಂಬುವುದಿಲ್ಲ. ಹೀಗೆಂದ ಕೂಡಲೇ ಅವರನ್ನು ಅನುಮಾನದ ಹೆಂಗಸು ಎಂದುಕೊಳ್ಳಬೇಡಿ. ಮನೆಯ ಬೀಗದ ಕೈ ಎದುರುಮನೆಯವರಿಗೆ ಕೊಟ್ಟು ಹದಿನೈದು ದಿನ ನಿಶ್ಚಿಂತೆಯಿಂದ ಊರಿಗೆ ಹೋಗಿಬರುವವರು ಅವರು. ಜನರನ್ನು ನಂಬುತ್ತಾರೆ, ಜನ ಕೊಡುವ ಉತ್ತರಗಳನ್ನು ಮಾತ್ರ ನಂಬುವುದಿಲ್ಲ. ಐವತ್ತು ದಾಟಿದ ಮೇಲೆ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ ಕಾಲೇಜು ಮೇಡಂ ಒಬ್ಬರು ನಿಮ್ಮ ಮನೆಯಲ್ಲೂ ಇದ್ದರೆ ಈ ವ್ಯತ್ಯಾಸ ನಿಮಗೆ ತಕ್ಷಣ ಅರ್ಥವಾಗುತ್ತದೆ.

ನಾನು ತುಮಕೂರಿನಿಂದ ಚೆನ್ನೈಗೆ ವರ್ಗವಾಗಿ ಬಂದು, ಪುರಸೈವಾಕ್ಕಂನಲ್ಲಿರುವ ಅಣ್ಣನ ಮನೆಯಲ್ಲಿ ಇಳಿದುಕೊಂಡ ಮೊದಲ ಬೆಳಿಗ್ಗೆಯೇ ನನಗದು ಅರ್ಥವಾಯಿತು. ಅತ್ತಿಗೆ ಉಪ್ಪಿಟ್ಟು ಬಡಿಸಿ, "ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ ಅತ್ತಿಗೆ."

"ಮಾಡಿದವಳೇ ಎದುರಿಗೆ ನಿಂತು ಕೇಳಿದ್ರೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ? ಈ ಉತ್ತರ ತಗೊಳಕ್ಕಾಗಲ್ಲ ಕಣೋ."

ಮರುದಿನ ಊಟದ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಬಂತು. ಮುಚ್ಚಳದಲ್ಲಿ ಸೀಳು, ಪಕ್ಕದಲ್ಲಿ ಪುಟ್ಟ ಚೀಟಿಗಳು. ಹೆಸರು ಬರೆಯದೆ, ಹೆದರದೆ ಅಭಿಪ್ರಾಯ ಬರೆದು ಹಾಕಬೇಕು. ಮತದಾರರು ಯಾರು? ನಾನು ಮತ್ತು ಅಣ್ಣ. ಸಂಜೆ ಡಬ್ಬ ತೆರೆದಾಗ ಒಂದು ಚೀಟಿಯಲ್ಲಿ 'ಚೆನ್ನಾಗಿದೆ' ಎಂದೂ ಇನ್ನೊಂದರಲ್ಲಿ ಅಣ್ಣನ ಇರುವೆಸಾಲಿನಂಥ ಅಕ್ಷರದಲ್ಲಿ 'ಉಪ್ಪು ಯಾವಾಗಲೂ ಸ್ವಲ್ಪ ಕಡಿಮೆ' ಎಂದೂ ಇತ್ತು.

"ಇಪ್ಪತ್ತೆರಡು ವರ್ಷದಿಂದ ಈ ಮಾತು ಯಾಕೆ ಹೇಳ್ಲಿಲ್ಲ?" ಎಂದರು ಅತ್ತಿಗೆ.

ಅಣ್ಣ ಪತ್ರಿಕೆಯಿಂದ ತಲೆಯೆತ್ತದೆ ಹೇಳಿದ: "ನೀನು ಡಬ್ಬ ಇಟ್ಟಿರ್ಲಿಲ್ಲ."

ಅತ್ತಿಗೆಯ ಸಂಶೋಧನೆಯ ವಿಷಯ ನಮ್ಮ ಬೀದಿಯಲ್ಲೇ ಇತ್ತು. ಪುರಸೈವಾಕ್ಕಂನ ಜವಳಿ ಅಂಗಡಿಗಳನ್ನು ನೋಡಿದವರಿಗೆ ಗೊತ್ತು, ಮಹಡಿ ಮೇಲೆ ಮಹಡಿ, ಪ್ರತಿ ಮಹಡಿಯಲ್ಲೂ ಒಂದೇ ಬಣ್ಣದ ಸೀರೆಯುಟ್ಟ ಹೆಣ್ಣುಮಕ್ಕಳ ಸಾಲು. ಬೆಳಿಗ್ಗೆ ಹತ್ತಕ್ಕೆ ನಿಂತರೆ ಅಂಗಡಿ ಮುಚ್ಚುವವರೆಗೂ ನಿಂತೇ ಇರುತ್ತಾರೆ. ಅವರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನೇ ಇದೆ. ಆಸನಗಳೂ ಇವೆ. ಆಸನಗಳ ಮೇಲೆ ಸೀರೆಯ ಡಬ್ಬಗಳು ಕೂತಿರುತ್ತವೆ. ಇಡೀ ದಿನ ನಿಲ್ಲುವ ಈ ಹೆಂಗಸರ ಆರೋಗ್ಯ ಹೇಗಿದೆ ಎಂಬುದು ಅತ್ತಿಗೆಯ ಪ್ರಶ್ನೆ. ಸಣ್ಣ ಪ್ರಶ್ನೆ. ಉತ್ತರ ಸಂಗ್ರಹಿಸುವ ಕೆಲಸವೇ ದೊಡ್ಡದು.

ಮೊದಲು ಪ್ರಶ್ನಾವಳಿ. ಅತ್ತಿಗೆ ತಮಿಳಿನಲ್ಲಿ ನಲವತ್ತು ಪ್ರಶ್ನೆ ಅಚ್ಚು ಹಾಕಿಸಿ, ಒಂದು ದೊಡ್ಡ ಅಂಗಡಿಯ ಮ್ಯಾನೇಜರ ಕೈಗೆ ಒಂದು ಕಟ್ಟು ಕೊಟ್ಟು ಬಂದರು. "ಪ್ರಶ್ನಾವಳಿಯ ಅನುಕೂಲ ಏನಪ್ಪಾ ಅಂದ್ರೆ, ಕಡಿಮೆ ಸಮಯದಲ್ಲಿ ತುಂಬಾ ಜನರನ್ನ ಮುಟ್ಟಬಹುದು" ಎಂದು ನನಗೆ ಪಾಠ ಹೇಳಿದರು. ಸಮಯದ ವಿಷಯದಲ್ಲಂತೂ ಅವರ ಮಾತು ನಿಜವಾಯಿತು. ಮರುದಿನವೇ ಎಲ್ಲ ಹಾಳೆಗಳೂ ತುಂಬಿ ಬಂದವು. ಕಾಲುನೋವು ಇದೆಯೇ? ಇಲ್ಲ. ಸೊಂಟನೋವು? ಇಲ್ಲ. ಒಬ್ಬರಿಗೂ ಏನೂ ಇಲ್ಲ. ಅಷ್ಟು ಹಾಳೆಗಳಲ್ಲೂ ಒಂದೇ ನೀಲಿ ಶಾಯಿ, ಒಂದೇ ಕೈಬರಹ. ಹುಡುಗಿಯರ ಸಮಯ ಹಾಳಾಗದಿರಲೆಂದು ಮ್ಯಾನೇಜರು ತಾವೇ ಕೂತು ಬರೆದಿದ್ದರು. ಮುಟ್ಟಿನ ದಿನಗಳಲ್ಲಿ ನಿಂತು ಕೆಲಸ ಮಾಡುವುದು ಕಷ್ಟವೇ ಎಂಬ ಪ್ರಶ್ನೆಗೂ ಆ ಗಿರಿಜಾ ಮೀಸೆಯ ಮಹನೀಯರು ಒಂದೊಂದು ಹಾಳೆಯಲ್ಲೂ ಬೇಸರವಿಲ್ಲದೆ 'ನನಗೆ ಯಾವ ತೊಂದರೆಯೂ ಇಲ್ಲ' ಎಂದು ಬರೆದಿದ್ದರು.

ನಾನು ಬಿದ್ದು ಬಿದ್ದು ನಕ್ಕೆ. ಅತ್ತಿಗೆ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಹಾಳೆಗಳನ್ನು ಜೋಡಿಸಿ, ದಾರ ಕಟ್ಟಿ, ಬೀರುವಿನಲ್ಲಿಟ್ಟರು.

"ಇನ್ನೂ ಯಾಕೆ ಇಟ್ಕೊಂಡಿದೀರ ಅತ್ತಿಗೆ?"

"ಇದೂ ಡೇಟಾನೇ ಕಣೋ. ಅವರ ಬಗ್ಗೆ ಅಲ್ಲ, ಇವನ ಬಗ್ಗೆ."

ಅವರ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿದ್ದು ಆವತ್ತು.

ಎರಡನೆಯದು ವೀಕ್ಷಣೆ. ಯಾರನ್ನೂ ಏನೂ ಕೇಳಬಾರದು, ಸುಮ್ಮನೆ ನೋಡಬೇಕು. ಕೇಳದಿದ್ದರೆ ಸುಳ್ಳು ಹೇಳುವ ಅವಕಾಶವೇ ಇಲ್ಲವಲ್ಲ. ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಅದೇ ಅಂಗಡಿಯ ಎರಡನೆಯ ಮಹಡಿಗೆ ಹೋದರು. ನಾವು ಮದುವೆ ಜವಳಿಗೆ ಬಂದವರಂತೆ ಕೂತೆವು. ಸೀರೆ ತೋರಿಸಲು ಬಂದವಳನ್ನು ಸೆಲ್ವಿ ಎನ್ನೋಣ. ಅವಳ ನಿಜವಾದ ಹೆಸರು ಅದಲ್ಲ. ಹೆಸರು ಬದಲಿಸಬೇಕೆಂಬುದು ಅತ್ತಿಗೆ ನನಗೆ ಹಾಕಿದ ಷರತ್ತು, ಬರೆಯಬಹುದೇ ಎಂದು ಸೆಲ್ವಿಯನ್ನೇ ಕೇಳಿ ಬಾ ಎಂಬುದು ಇನ್ನೊಂದು.

ಅವಳು ಎಷ್ಟು ಸಲ ಬಗ್ಗುತ್ತಾಳೆ, ಎಷ್ಟು ಸಲ ಮಣೆ ಹತ್ತಿ ಮೇಲಿನ ಕಪಾಟಿಗೆ ಕೈ ಚಾಚುತ್ತಾಳೆ ಎಂದು ಗೀಟು ಹಾಕುವ ಕೆಲಸ ನನ್ನದು. ನೋಡಲು ಸಮಯ ಸಾಲದೆಂದು ಅತ್ತಿಗೆ "ಇನ್ನೊಂದು ತೋರ್ಸಮ್ಮ," "ಆ ಮೇಲಿನದು," "ಅದರಲ್ಲೇ ಬೇರೆ ಬಾರ್ಡರ್" ಎನ್ನುತ್ತಲೇ ಹೋದರು. ಒಂದೂವರೆ ಗಂಟೆಯಲ್ಲಿ ನಮ್ಮೆದುರು ಸೀರೆಗಳ ಗುಡ್ಡವೇ ಎದ್ದಿತು. ನನ್ನ ಗೀಟುಗಳು ಪುಟ ತುಂಬಿದವು. ಸೆಲ್ವಿ ಹಣೆಯ ಬೆವರೊರೆಸಿಕೊಂಡು ಮತ್ತೆ ಮಣೆ ಹತ್ತಿದಾಗ ಅತ್ತಿಗೆಯ ಮುಖ ಒಮ್ಮೆಗೇ ಬಾಡಿತು.

"ಅಯ್ಯೋ, ಇದೆಲ್ಲ ನಾವೇ ಮಾಡಿಸಿದ್ದಲ್ವೇನೋ" ಎಂದು ಪಿಸುಗುಟ್ಟಿದರು.

ಹಾಗೆ ಎದ್ದು ಬರಲು ಮನಸ್ಸು ಬಾರದೆ ಕೈಗೆ ಸಿಕ್ಕ ಗಿಳಿಹಸಿರು ಸೀರೆಯೊಂದನ್ನು ತಗೊಂಡರು. ಹಸಿರು ಅವರಿಗೆ ಆಗದ ಬಣ್ಣ. ಆ ದಿನದ ಟಿಪ್ಪಣಿಯಲ್ಲಿ ಅವರು ಬರೆದದ್ದು ಒಂದೇ ವಾಕ್ಯ: 'ಇಂದು ಕಂಡುಬಂದ ಕಾಲುನೋವಿಗೆ ಕಾರಣ ಸಂಶೋಧಕಿ.'

ಮೂರನೆಯದು ಸಂದರ್ಶನ. ಮಧ್ಯಾಹ್ನ ಟೀ ಬಿಡುವಿನಲ್ಲಿ ಅಂಗಡಿಯ ಹಿಂದಿನ ಓಣಿಗೆ ಹೋಗಿ, ತಮ್ಮ ಗುರುತು ಹೇಳಿಕೊಂಡು, ಪುಸ್ತಕ ತೆರೆದು ಕೂತರು. ಸೆಲ್ವಿ ಕೂಡಲೇ ಗುರುತು ಹಿಡಿದಳು, ಗಿಳಿಹಸಿರು ಮ್ಯಾಡಂ. ಹೇಗಿದ್ದೀರಿ ಎಂದರೆ ಎಲ್ಲರೂ ಒಂದೇ ಸಮನೆ "ನಲ್ಲಾ ಇರುಕ್ಕೋಂ ಮ್ಯಾಡಂ" ಎಂದರು. ಚೆನ್ನಾಗಿದ್ದೇವೆ, ಅಷ್ಟೇ. ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು. ಮಕ್ಕಳೆಷ್ಟು? ಒಬ್ಬಳೇ ಏಕೆ? ಹಾಸ್ಟೆಲಿನಲ್ಲಿ ಏಕೆ ಬಿಟ್ಟಿದ್ದೀರಿ? ಯಜಮಾನರಿಗೆ ಎಲ್ಲಿ ಕೆಲಸ? ಅರ್ಧ ಗಂಟೆ ಕಳೆದು ಬಂದಾಗ ಅತ್ತಿಗೆಯ ಪುಸ್ತಕ ಖಾಲಿ. ನಮ್ಮ ಮನೆಯ ಸಕಲ ವಿವರವೂ ಆ ಓಣಿಯಲ್ಲಿತ್ತು. ಮುಂದಿನ ವಾರ ಅಣ್ಣ ಬನಿಯನ್ ಕೊಳ್ಳಲು ಅದೇ ಅಂಗಡಿಗೆ ಹೋದರೆ, ನೆಲಮಹಡಿಯ ಹುಡುಗಿ ಅಳತೆ ಕೇಳುವ ಮೊದಲು, "ಸಾರ್, ಶುಗರ್ ಇಪ್ಪೋ ಎಪ್ಪಡಿ ಇರುಕ್ಕು?" ಎಂದು ಅವನ ಸಕ್ಕರೆ ಕಾಯಿಲೆ ಈಗ ಹೇಗಿದೆಯೆಂದು ವಿಚಾರಿಸಿದಳಂತೆ.

ಅಣ್ಣ ಮನೆಗೆ ಬಂದು, "ಸಂದರ್ಶನ ಒಳ್ಳೇ ವಿಧಾನ ಕಣೆ. ಅವರಿಗೆ ಎಲ್ಲ ಸಿಕ್ಕಿದೆ" ಎಂದ.

ಮಾತನ್ನು ನಂಬಿದ್ದು ಸಾಕೆಂದು ಅತ್ತಿಗೆ ಯಂತ್ರವನ್ನು ನಂಬಿದರು. ಹೆಜ್ಜೆ ಎಣಿಸುವ ಕೈಪಟ್ಟಿಗಳನ್ನು ಕಾಲೇಜಿನಿಂದ ತಂದು ಐದು ಜನಕ್ಕೆ ಕಟ್ಟಿದರು. ವಾರದ ಕೊನೆಗೆ ನೋಡಿದರೆ ಒಬ್ಬಳು ಭಾನುವಾರ, ಅಂದರೆ ತನ್ನ ರಜೆಯ ದಿನ, ಒಂದೇ ಸಂಜೆ ಹೆಚ್ಚುಕಡಿಮೆ ಕಾಂಚೀಪುರಂ ಮುಟ್ಟುವಷ್ಟು ನಡೆದಿದ್ದಳು. ವಿಚಾರಿಸಿದಾಗ ತಿಳಿಯಿತು, ಪಟ್ಟಿ ಚೆಂದವಿದೆಯೆಂದು ಅವಳ ತಮ್ಮ ಕಟ್ಟಿಕೊಂಡು ಹೋಗಿದ್ದ. ಅವನು ಮದುವೆ ಮೆರವಣಿಗೆಗಳಲ್ಲಿ ಡ್ರಮ್ ಬಾರಿಸುವವನು.

ನಾನಾಗಿದ್ದರೆ ಇಷ್ಟಕ್ಕೆ ಪಿಎಚ್.ಡಿ. ಬಿಟ್ಟು ಟೈಲರಿಂಗ್ ಕಲಿಯುತ್ತಿದ್ದೆ. ಅತ್ತಿಗೆ ನೇರವಾಗಿ ಅಂಗಡಿಯ ಮಾಲೀಕರ ಬಳಿ ಹೋದರು. ಮಾಲೀಕರು ಮೂರು ತಲೆಮಾರಿನ ಹಿಂದೆ ವ್ಯಾಪಾರಕ್ಕೆಂದು ಕರ್ನಾಟಕದಿಂದ ಬಂದ ಮನೆಯವರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅರ್ಧ ಕನ್ನಡ ಅರ್ಧ ತಮಿಳು. ನಾನೂ ಜೊತೆಗಿದ್ದೆ.

"ಆಡಿ ತಿಂಗಳ ಡಿಸ್ಕೌಂಟಿಗೆ ನೀವು ಹೆಚ್ಚು ಜನ ತಗೊಳ್ತೀರಲ್ಲ, ನನ್ನನ್ನೂ ತಗೊಳಿ" ಎಂದರು ಅತ್ತಿಗೆ. "ಯಾಕೆ ಬಂದಿದೀನಿ ಅಂತ ಎಲ್ಲರಿಗೂ ಹೇಳ್ತೀನಿ. ಮುಚ್ಚುಮರೆ ಇಲ್ಲ."

"ಏನಮ್ಮಾ ಇದು, ಕಾಲೇಜ್ ಟೀಚರ್ ಬಂದು ಸೀರೆ ಮಡಿಸ್ತೀನಿ ಅಂತೀರ. ಈ ವಯಸ್ಸಲ್ಲಿ ನಿಮಗೆ ತಾಂಗಲ್ಲಮ್ಮಾ. ಮೂರ್ ದಿವಸ, ಅವ್ವಳವು ತಾನ್."

ಮೂರು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂಬುದು ಅವರ ಲೆಕ್ಕ. ನಮ್ಮ ಆಷಾಢದ ಹೊತ್ತಿಗೆ ಬರುವ ಆ ಆಡಿ ತಿಂಗಳಿಡೀ ಅತ್ತಿಗೆ ರಜೆ ಹಾಕಿ ನಿಂತರು.

ಇಲ್ಲಿ ಒಂದು ಅನಾಹುತವಾಯಿತು. ನುಂಗಂಬಾಕ್ಕಂನ ನಮ್ಮ ಪರಿಚಯದ ಕನ್ನಡದ ಮಹಿಳೆಯೊಬ್ಬರು ಸೀರೆಗೆಂದು ಬಂದವರು, ಗಲ್ಲಾಪೆಟ್ಟಿಗೆಯ ಪಕ್ಕದ ಕೌಂಟರಿನಲ್ಲಿ ಅತ್ತಿಗೆ ಸಮವಸ್ತ್ರದ ಸೀರೆಯುಟ್ಟು ಬ್ಲೌಸ್ ಪೀಸ್ ಅಳೆಯುತ್ತಿದ್ದುದನ್ನು ನೋಡಿಬಿಟ್ಟರು. ಮಾತಾಡಿಸಿದರೆ ಅತ್ತಿಗೆಗೆ ಅವಮಾನವಾದೀತೆಂದು ತಲೆ ತಗ್ಗಿಸಿಕೊಂಡು ಹೊರಟುಹೋದರು. ಮೂರನೆಯ ದಿನ ಮನೆಗೆ ಬಂದು, ಒಂದು ದೊಡ್ಡ ಡಬ್ಬಿ ಕೋಡುಬಳೆಯನ್ನು ಅಣ್ಣನ ಕೈಗಿತ್ತು, ದನಿ ತಗ್ಗಿಸಿ ಕೇಳಿದರು: "ಕೆಲಸ ಹೋಗಿ ಎಷ್ಟು ದಿನ ಆಯ್ತು? ನಮಗೆ ಒಂದು ಮಾತು ಹೇಳಬಾರದಿತ್ತಾ?"

ಅಣ್ಣ ಡಬ್ಬಿಯನ್ನು ಒಮ್ಮೆ ನೋಡಿದ. "ಕೆಲಸ ಇದೆ. ಕೋಡುಬಳೆ ಇರ್ಲಿ" ಎಂದ.

ಆ ತಿಂಗಳು ಅತ್ತಿಗೆಯ ಪುಸ್ತಕಗಳು ಒಂದರ ಹಿಂದೊಂದು ತುಂಬಿದವು. ನಾಲ್ಕನೆಯ ಮಹಡಿಯಲ್ಲಿ ಮಾತ್ರ ಶೌಚಾಲಯವಿರುವುದರಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕ್ಯಾಮೆರಾ ಕಣ್ಣಿಗೆ ಬೀಳದ ಒಂದು ಕಂಬಕ್ಕೆ ಸರದಿಯ ಮೇಲೆ ಒರಗುತ್ತಿದ್ದರು. ಚಪ್ಪಲಿ ಕಳಚಿ ಉರಿಯುವ ಪಾದವನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಳ್ಳುತ್ತಿದ್ದರು. ಇದ್ಯಾವುದೂ ಅತ್ತಿಗೆಯ ನಲವತ್ತು ಪ್ರಶ್ನೆಗಳಲ್ಲಿ ಇರಲಿಲ್ಲ.

"ಎದುರುಬದುರು ಕೂತ್ರೆ ಯಾರೂ ಮಾತಾಡಲ್ಲ ಕಣೋ" ಎಂದರು ಒಂದು ಭಾನುವಾರ, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು. "ಪಕ್ಕಪಕ್ಕ ನಿಂತು ಒಂದೇ ಸೀರೆ ಎರಡು ತುದಿ ಹಿಡ್ಕೊಂಡು ಮಡಿಸ್ತಾ ಇರ್ತೀವಲ್ಲ, ಆಗ ಹೇಳ್ತಾರೆ. ನನ್ನ ಮುಖ ನೋಡಲ್ಲ, ಸೀರೆ ನೋಡ್ಕೊಂಡು ಹೇಳ್ತಾರೆ."

ಈ ವಿಧಾನಕ್ಕೂ ಒಂದು ತೊಡಕಿತ್ತು. ಹಾಗೆ ಸೀರೆ ಮಡಿಸುವಾಗ ಸೆಲ್ವಿ ಏನೋ ಹೇಳಿದಳು. ಅದನ್ನು ಅತ್ತಿಗೆ ಬರೆದುಕೊಳ್ಳಲಿಲ್ಲ. ನಮಗೂ ಹೇಳಲಿಲ್ಲ. ಪ್ರಬಂಧದ ಕರಡು ತಲುಪಿದ ಮೇಲೆ ಅವರ ಗೈಡ್ ಫೋನ್ ಮಾಡಿದರು. ಅತ್ತಿಗೆಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರೇ. ಅತ್ತಿಗೆ ಹುರುಳಿಕಾಯಿ ಹೆಚ್ಚುತ್ತಾ ಸ್ಪೀಕರಿನಲ್ಲಿ ಮಾತಾಡುತ್ತಿದ್ದುದರಿಂದ ನಮಗೂ ಕೇಳಿಸಿತು. ನಿಂತು ನಿಂತು ದೇಹಕ್ಕೆ ಆದ ಹಾನಿಯ ಬಗ್ಗೆ ಒಬ್ಬಾಕೆ ಹೇಳಿದ್ದನ್ನು ಬಿಟ್ಟಿದ್ದೇನೆ ಎಂದು ಬರೆದಿದ್ದೀರಲ್ಲ, ಅದೇ ಗಟ್ಟಿ ಸಾಕ್ಷ್ಯವಲ್ಲವೇ, ಹೆಸರು ಬದಲಿಸಿ ಸೇರಿಸಿ ಎಂದರು ಅವರು.

"ಆ ಮಹಡಿಯಲ್ಲಿ ಇರೋದೇ ಹನ್ನೊಂದು ಜನ ಸಾರ್. ಹೆಸರು ಬದಲಿಸಿದ್ರೂ ಗೊತ್ತಾಗತ್ತೆ. ಅವಳ ಕೆಲಸ ಹೋಗತ್ತೆ."

ಅದಿಲ್ಲದಿದ್ದರೆ ಆ ಅಧ್ಯಾಯ ನಿಲ್ಲುವುದಿಲ್ಲ, ಮತ್ತೆ ಬೇರೆ ಅಂಗಡಿಗಳಿಗೆ ಹೋಗಿ ಡೇಟಾ ತರಬೇಕಾಗುತ್ತದೆ, ಒಂದು ವರ್ಷ ಹೋಗುತ್ತದೆ ಎಂದರು ಗೈಡ್.

ಅತ್ತಿಗೆ ಚಾಕು ಕೆಳಗಿಟ್ಟರು. "ಅದು ಡೇಟಾ ಅಲ್ಲ ಸಾರ್. ಅವಳು ನನಗೆ ಹೇಳಿದ್ದು" ಎಂದರು.

ಒಂದು ವರ್ಷ ಹೋಯಿತು. ಅತ್ತಿಗೆ ಬೇರೆ ಬೇರೆ ಅಂಗಡಿಗಳಲ್ಲಿ ನಿಂತು ಮತ್ತೆ ಪುಸ್ತಕ ತುಂಬಿಸಿದರು. ಜೊತೆಗೆ ಸೇರಿದವರು ಡಾಕ್ಟರಾಗಿ ಸಿಹಿ ಹಂಚಿದರು, ಅತ್ತಿಗೆ ಎಲ್ಲರ ಸಿಹಿಯನ್ನೂ ತಿಂದರು. ಆ ಮಾಲೀಕರು ಈ ನಡುವೆ ಅತ್ತಿಗೆಯ ಕಾಟ ತಾಳಲಾರದೆ ಮಹಡಿಗೆ ಎರಡರಂತೆ ಕುರ್ಚಿಗಳ ಮೇಲಿನ ಡಬ್ಬ ಇಳಿಸಿದರು. ಎರಡೇ. ಆದರೂ ಇಳಿಸಿದರು.

ಮೊನ್ನೆ ಒಂದು ಭಾನುವಾರ ಸೆಲ್ವಿ ಮನೆಗೆ ಬಂದಳು. ಹೆಗಲ ಮೇಲೆ ಎಂಟು ತಿಂಗಳ ಹೆಣ್ಣುಮಗು. ಅತ್ತಿಗೆ ಒಳಗೆ ಕಾಫಿ ಮಾಡುತ್ತಿದ್ದಾಗ ಅವಳೇ ತಮಿಳಿನಲ್ಲಿ ನನಗೆ ಹೇಳಿದಳು. ಮೊದಲಿನ ಎರಡು ಬಸಿರು ಅಂಗಡಿಯಲ್ಲಿ ನಿಂತಿದ್ದಾಗಲೇ ಹೋಗಿದ್ದವಂತೆ. ಮೂರನೆಯದು ನಿಂತಾಗ ಹೊರಗೆ ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಹೆದರಿ ಮ್ಯಾಡಂ ಒಬ್ಬರಿಗೇ ಹೇಳಿದ್ದಳು. ಮ್ಯಾಡಂ ಮಾಲೀಕರ ಬಳಿ ಹೋಗಿ, ಈ ಹುಡುಗಿಗೆ ಮಂಡಿನೋವು, ಕೂತು ಮಾಡುವ ಕೆಲಸ ಕೊಡಿ ಎಂದು ಬೆಲೆಚೀಟಿ ಅಂಟಿಸುವ ಕೋಣೆಗೆ ಹಾಕಿಸಿದ್ದರು. ಹೊಟ್ಟೆ ಕಾಣುವ ಹೊತ್ತಿಗೆ ಮಾಲೀಕರಿಗೂ ಅರ್ಥವಾಗಿತ್ತಂತೆ, ಅವರು ಏನೂ ಅನ್ನಲಿಲ್ಲವಂತೆ. ಏಳನೇ ತಿಂಗಳವರೆಗೂ ಅವಳು ಅಲ್ಲೇ ಕೂತಿದ್ದಳು.

ಮಂಡಿನೋವು! ಊರಿನವರ ಉತ್ತರಗಳನ್ನೆಲ್ಲ ಜರಡಿ ಹಿಡಿಯುವ ನಮ್ಮ ಅತ್ತಿಗೆ ಹೇಳಿದ ಸುಳ್ಳು.

ಅಷ್ಟರಲ್ಲಿ ಅತ್ತಿಗೆ ಕಾಫಿ ತಂದರು. ಮಗುವನ್ನು ತಾವೆತ್ತಿಕೊಂಡರು. ಹೆಸರೇನು, ತೂಕವೆಷ್ಟು, ಒಂದನ್ನೂ ಕೇಳಲಿಲ್ಲ. ಅಣ್ಣ ಸ್ನಾನ ಮುಗಿಸಿ ಹಜಾರಕ್ಕೆ ಬಂದದ್ದೇ ತಡ, ಸೆಲ್ವಿ ಲೋಟ ಕೆಳಗಿಟ್ಟು ಸೋಫಾದಿಂದ ತಟ್ಟನೆ ಎದ್ದು ನಿಂತಳು, ಕೌಂಟರಿನ ಹಿಂದೆ ನಿಲ್ಲುವ ಹಾಗೆ, ಕೈ ಮುಂದೆ ಕಟ್ಟಿಕೊಂಡು. ಅಣ್ಣ ಗಾಬರಿಯಾಗಿ ಬಾಗಿಲಲ್ಲೇ ನಿಂತುಬಿಟ್ಟ.

ಅತ್ತಿಗೆ ಮಗುವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ಅವಳ ಹೆಗಲ ಮೇಲಿಟ್ಟು ಮೆಲ್ಲಗೆ ಒತ್ತಿದರು.

"ಉಕ್ಕಾರು ಮಾ" ಎಂದರು. "ಕೂತ್ಕೋ."