ಒಬ್ಬನೇ ಅರವತ್ತು ಮಂದಿ

ಮಗಳು ಬ್ರಾಹ್ಮಿ ಅಪ್ಪನ ಮೊಬೈಲಿಗೆ ಒಂದು ಪಿಯಾನೋ ವಾದನ ಹಾಕಿಕೊಟ್ಟಿದ್ದೇ ತಪ್ಪಾಯಿತು. ಖಾನಾಪುರದ ಹಂಚಿನ ಕಾರ್ಖಾನೆಯ ಗುಮಾಸ್ತ ತಾತ್ಯಾಸಾಹೇಬರು ಮಧ್ಯಾಹ್ನ ರೊಟ್ಟಿಯ ಡಬ್ಬಿ ಮುಚ್ಚಿ, ಕಿವಿಗೆ ವಯರು ಸಿಕ್ಕಿಸಿಕೊಂಡು, ಕಣ್ಣನ್ನೂ ಮುಚ್ಚಿದರು.

ಅವರು ಕಣ್ಣು ಮುಚ್ಚಬಾರದ ದಿನ ಅದು. ಕಚೇರಿಯ ಮೂವರು ಗುಮಾಸ್ತರಲ್ಲಿ ಇಬ್ಬರು ನಿವೃತ್ತರಾದ ಮೇಲೆ ಮೂವರ ಕೆಲಸವೂ ಇವರ ತಲೆಗೇ ಬಂದಿತ್ತು. ಇನ್ನಿಬ್ಬರನ್ನು ಕೊಡಿ ಎಂದು ಪತ್ರ ಬರೆದು ಎರಡು ವರ್ಷ ಗೋಗರೆದ ಮೇಲೆ, ಮಾಲಕರಾದ ಗುರುಪುತ್ರಪ್ಪನವರು ಆ ಪತ್ರಕ್ಕೆ ಅಂದು ಸಹಿ ಹಾಕುವವರಿದ್ದರು. ಸಿಪಾಯಿ ಬಾಳೇಶ ಇದ್ದೂ ಇಲ್ಲದಂತೆ. ಸ್ಟೂಲಿನ ಮೇಲೆ ನಿದ್ದೆ ಮಾಡುವುದರಲ್ಲಿ ಅವನಿಗೆ ಇಪ್ಪತ್ತು ವರ್ಷದ ಅನುಭವ.

ವಾದನ ಶುರುವಾಗುತ್ತಲೇ ತಾತ್ಯಾಸಾಹೇಬರು ಮನಸ್ಸಿನಲ್ಲಿ ಹನ್ನೆರಡು ವರ್ಷದವರಾಗಿದ್ದರು. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆ; ಮಳೆಗೆ ಮುಂಚೆ ಹಂಚು ಸರಿಪಡಿಸಲು ಮಾಡು ಏರಿದ ಅಪ್ಪ, ಹಿಂದೆ ಇವರು. ಹಂಚು ತೆಗೆದ ಸಂದಿಯಿಂದ ಇಡೀ ವಾದ್ಯವೃಂದ ಮೇಲೆದ್ದು ಬಂದಿತ್ತು. ಇಣುಕಿದರೆ, ಒಳಗೆ ಒಬ್ಬ ಮುದುಕಿ, ಗ್ರಾಮೊಫೋನಿನ ಮೇಲೆ ತಿರುಗುವ ಒಂದು ತಟ್ಟೆ. ಅರವತ್ತು ಮಂದಿಯ ಸಿಂಫನಿಯನ್ನು ಒಬ್ಬನೇ ಪಿಯಾನೋದಲ್ಲಿ ನುಡಿಸಿದ್ದಾನೆ ಎಂದು ಆಕೆ ತಿಳಿಸಿ ಹೇಳಿದ್ದಳು. ಅದನ್ನು ಕೇಳುವ ಆಸೆಗೆ ಅಪ್ಪ ಎರಡು ದಿನದ ಕೆಲಸವನ್ನು ಆರು ದಿನ ಮಾಡಿದ್ದ. ಅದೇ ಈ ವಾದನ; ಅಪ್ಪ ಇದನ್ನು ಇನ್ನೊಮ್ಮೆ ಕೇಳಬೇಕಿತ್ತು ಎಂದುಕೊಂಡರು ತಾತ್ಯಾಸಾಹೇಬರು.

ಅವರ ಬೆರಳುಗಳು ಮೇಜಿನ ಮೇಲೆ ಕುಣಿಯುವ ಸದ್ದಿಗೆ ಬಾಳೇಶ ಎಚ್ಚರಗೊಂಡ.

"ನಮಗೂ ಒಂದೀಟು ಕೇಳಸ್ರಲ್ಲಾ!" ಎಂದವನೇ ವಯರು ಕಿತ್ತು ಕಂಡ ಕಂಡ ಗುಂಡಿ ಒತ್ತಿದ. ಮೊಬೈಲು ಗುಡುಗಿತು.

ಹಸಿ ಹಂಚಿನ ಹಲಗೆ ಹೊತ್ತಿದ್ದ ಕೂಲಿಯಾಳು ಕಾಡವ್ವ ಕಿಟಕಿಗೆ ಬಂದಳು. "ಯಾರ ಲಗ್ನಾರೀ? ಬ್ಯಾಂಡ್ ಎಲ್ಲೈತಿ?" ಎಂದು ತಲೆಯಾಡಿಸಿದ ರಭಸಕ್ಕೆ ಹಲಗೆ ಜಾರಿ ಆರು ಹಂಚು ಮುದ್ದೆಯಾದವು. ಮಾಲಕರು ಆಗಲೇ ಬರಬೇಕೇ!

"ತಾತ್ಯಾಸಾಹೇಬ್ರ, ಯಾರ‍್ನ ಕರಕೊಂಡು ಬಂದೀರಿ?"

"ಯಾರೂ ಇಲ್ರಿ ಮಾಲಕ್ರ. ಇದು ಒಬ್ಬಾಂವ ಬಾರಸೂದು."

"ಸುಳ್ಳ ಹೇಳಬ್ಯಾಡ್ರಿ. ದೊಡ್ಡ ಮೇಳಾನ ಐತಿ."

ಸಹಿ ತಪ್ಪೀತೆಂಬ ಭಯಕ್ಕೆ ತಾತ್ಯಾಸಾಹೇಬರ ನಾಲಿಗೆ ಸಡಿಲವಾಯಿತು. "ಇಲ್ಲೆ ಕೇಳ್ರಿ, ಎಡಗೈಯಾಗ ನಗಾರಿ, ಬಲಗೈಯಾಗ ಕೊಳಲು, ನಡುವ ಪಿಟೀಲು! ಅರವತ್ತು ಮಂದಿ ಕೆಲಸಾ ಒಬ್ಬಾಂವ ಮಾಡ್ತಾನ್ರಿ. ಒಂದೂ ಬಿಡೂದಿಲ್ಲ, ದಣಿಯೂದಿಲ್ಲ!" ಅಪ್ಪನ ಕಥೆಯನ್ನೂ ಹೇಳಿಬಿಟ್ಟರು.

ಗುರುಪುತ್ರಪ್ಪನವರು ಬಾಳೇಶನ ಸ್ಟೂಲಿನ ಮೇಲೆ ಕೂತು ಕೊನೆಯವರೆಗೂ ಕೇಳಿ, ಕಣ್ಣೊರೆಸಿಕೊಂಡರು. "ನಮ್ಮಪ್ಪನೂ ಹಿಂಗ ಇದ್ದಾ. ಭಟ್ಟಿ ಹಚ್ಚಾಂವನೂ ಅವನ, ಮಾಲು ಕಳಸಾಂವನೂ ಅವನ. ಎಲ್ಲೈತಿ ನಿಮ್ಮ ಪತ್ರ?"

ತಾತ್ಯಾಸಾಹೇಬರು ಓಡಿಹೋಗಿ ಪತ್ರ ತಂದರು, ಪೆನ್ನನ್ನೂ ಬಿಚ್ಚಿ ಕೊಟ್ಟರು. ಮಾಲಕರು ಪತ್ರವನ್ನು ನೀಟಾಗಿ ಎರಡು ತುಂಡು ಮಾಡಿದರು.

"ಅರವತ್ತು ಮಂದೀದು ಒಬ್ಬಾಂವ ಮಾಡ್ತಾನಂದ್ರ, ಮೂರು ಮಂದೀದು ನಿಮಗ ಯಾವ ಲೆಕ್ಕಾರೀ!"

"ಮಾಲಕ್ರ, ಸ್ವರದ ಹಾಳಿ ತಿರುವಾಕರೆ ಅವನ ಬಾಜೂಕ ಒಬ್ಬಾಂವ ಇರ್ತಾನ್ರಿ!"

ಗುರುಪುತ್ರಪ್ಪನವರು ಯೋಚಿಸಿದರು. "ಅದೂ ಖರೇ. ಆತು, ಒಬ್ಬನ್ನ ಕೊಟ್ಟೆ."

ತಾತ್ಯಾಸಾಹೇಬರ ಮುಖ ಅರಳಿತು.

"ಬಾಳೇಶಾ, ನಿನ್ನ ಸ್ಟೂಲ್ ಇವ್ರ ಬಾಜೂಕ ಹಾಕ್ಕೋ."

ಬಾಳೇಶ ಸ್ಟೂಲು ಎಳೆದು ತಂದು ಕೂತ. ಐದು ನಿಮಿಷದಲ್ಲಿ ಗೊರಕೆ ಶುರುವಾಯಿತು. ಹೊಡೆಯುತ್ತಿದ್ದವನು ಒಬ್ಬನೇ, ಕೇಳಿದರೆ ಅರವತ್ತು ಮಂದಿ.